ಬಲಗಡೆಯಿಂದ ಕುದುರೆ ಹತ್ತಿದವನು

ಜೋಮಾರ್ತ್‌ಗೆ ಗೊರಸು ಬರೆಯಲು ಬರುತ್ತಿರಲಿಲ್ಲ. ಕೊಂಬು ಬರುತ್ತಿತ್ತು, ಕಣ್ಣು ಬರುತ್ತಿತ್ತು, ಚಳಿಗಾಲದ ದಪ್ಪ ಕೂದಲು ಎಳೆಎಳೆಯಾಗಿ ಬರುತ್ತಿತ್ತು. ಕಾಲು ನೆಲ ಮುಟ್ಟುವ ಜಾಗಕ್ಕೆ ಬಂದಾಗ ಮಾತ್ರ ಕುಂಚ ಸತ್ಯಾಗ್ರಹ ಹೂಡುತ್ತಿತ್ತು. ಹಾಗಾಗಿ ಅವನ ಪ್ರಾಣಿಗಳೆಲ್ಲ ಮೊಣಕಾಲುದ್ದದ ಹುಲ್ಲಿನಲ್ಲೇ ನಿಂತಿರುತ್ತಿದ್ದವು. ತೋಳ ಹುಲ್ಲಿನಲ್ಲಿ, ಕಾಡುಕುರಿ ಹುಲ್ಲಿನಲ್ಲಿ. ಹಿಮಚಿರತೆ ಕೂಡ, ಪಾಪ, ಬೋಳು ಬಂಡೆಯ ಮೇಲೆ ಹೇಗೋ ಬೆಳೆದ ಹುಲ್ಲಿನಲ್ಲಿ. ಹಿಂದಿನ ಬೆಟ್ಟ ಕೈಕೊಟ್ಟರೆ ಮಂಜು ಇಳಿಸಿಬಿಡುತ್ತಿದ್ದ. ರಾಜಧಾನಿಯ ಕಲಾಶಾಲೆಯಲ್ಲಿದ್ದ ಎರಡು ವರ್ಷ ಈ ಎರಡು ಉಪಾಯಗಳಲ್ಲೇ ದಾಟಿದ. "ನಿನ್ನ ಪ್ರಾಣಿಗಳು ಯಾವ ಊರಲ್ಲೂ ವಾಸವಾಗಿಲ್ಲ" ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಅದು ಹೊಗಳಿಕೆ ಎಂದೇ ಅವನು ಬಹಳ ದಿನ ತಿಳಿದಿದ್ದ.

ನರೀನ್ ನದಿಯ ದಂಡೆಯ ತನ್ನ ಊರಿಗೇ ಮರಳಿ, ಅಲ್ಲಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಸಂಬಳಕ್ಕೆ ಸೇರಿದ. ಕಾಗದದ ಮೇಲೆ ಹುದ್ದೆ 'ಕಲಾವಿದ'. ಕೆಲಸ ಎಂದರೆ 'ಮುಟ್ಟಬೇಡಿ' ಬೋರ್ಡು ಬರೆಯುವುದು, ನೂರೂಜ್ ಹಬ್ಬಕ್ಕೆ ಮುಂಚೆ ಕಬ್ಬಿಣದ ಬೇಲಿಗೆ ಬಣ್ಣ ಬಳಿಯುವುದು, ಹೊಸವರ್ಷದ ಹಿಮದಜ್ಜನ ಗಡ್ಡ ಉದುರಿದರೆ ಅಂಟಿಸುವುದು. ಇದಾವುದಕ್ಕೂ ಗೊರಸು ಬೇಕಿರಲಿಲ್ಲವಾದ್ದರಿಂದ ಜೀವನ ಸುಖವಾಗಿತ್ತು.

ಇನ್ನೊಂದು ಕೊರತೆಯೂ ಅವನಿಗಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಕುದುರೆ ಹತ್ತಲು ಬರುತ್ತಿರಲಿಲ್ಲ. ಅಪ್ಪ ಲಾರಿ ಓಡಿಸುವವನು, ಮನೆ ಐದು ಮಹಡಿ ಕಟ್ಟಡದ ನಾಲ್ಕನೆಯದರಲ್ಲಿ. ಕುದುರೆಯನ್ನು ಕಟ್ಟುವುದಾದರೂ ಎಲ್ಲಿ? ಆದರೆ ಕಿರ್ಗಿಜ್ ಆಗಿ ಹುಟ್ಟಿದ ಮೇಲೆ ಈ ನೆಪ ನಡೆಯುವುದಿಲ್ಲ. ಬೇರೆಯವರು ಜೈಲಿಗೆ ಹೋಗಿಬಂದದ್ದನ್ನು ಮುಚ್ಚಿಡುವ ಹಾಗೆ ಅವನು ಇದನ್ನು ಮುಚ್ಚಿಟ್ಟಿದ್ದ. ಯಾರಾದರೂ ಲಗಾಮು ಕೈಗಿಡಲು ಬಂದರೆ "ಸೊಂಟನೋವು" ಎನ್ನುತ್ತಿದ್ದ. ಇಪ್ಪತ್ತೇಳನೆಯ ವಯಸ್ಸಿಗೆ ಸೊಂಟನೋವು.

ಒಂದು ವಸಂತದಲ್ಲಿ ಮ್ಯೂಸಿಯಮ್ಮಿನ ಮುಖ್ಯಸ್ಥೆ ಅನಾರ್ಕಾನ್ ಎಜೆ, ಅಂದರೆ ಅನಾರ್ಕಾನಕ್ಕ, ಅವನನ್ನು ಕರೆದರು. ಒಳಗೆ ಹೊಟ್ಟು ತುಂಬಿ ನಿಲ್ಲಿಸಿದ ಒಂದು ಕಾಡುಹೋತ ಮೂವತ್ತು ವರ್ಷದಿಂದ ಓಣಿಯಲ್ಲಿ ನಿಂತಿತ್ತು. ಅದನ್ನು ದೊಡ್ಡ ಹಜಾರದ ಗಾಜಿನ ಗೂಡಿಗೆ ಸಾಗಿಸಬೇಕೆಂದು ಅವರ ಆಸೆ.

"ನೀನು ಹೋತ ಬರೀಬೇಕಾಗಿಲ್ಲ, ಹೋತ ಇದೆ," ಎಂದರು ಎಜೆ. "ಹಿಂದೆ ಒಂದು ಬೆಟ್ಟ ಬೇಕು, ಕಾಲಡಿ ಒಂದಿಷ್ಟು ನೆಲ ಬೇಕು. ಅಷ್ಟೆ."

ಅಷ್ಟೇ! ಜಗತ್ತಿನಲ್ಲಿ ಅವನಿಗೆ ಬಾರದ ಎರಡನ್ನೇ ಆರಿಸಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. "ಆಯ್ತು ಎಜೆ, ಅದೇನು ಮಹಾ" ಎಂದು ಜೋಮಾರ್ತ್ ಹೊರಬಂದ.

ಸುದ್ದಿ ಹಜಾರದ ಕಾವಲಿಗೆ ಕೂರುವ ಬುರುಲ್ ಅಪಾ ಅವರ ಕಿವಿಗೂ ಬಿತ್ತು. ಅರವತ್ತೇಳರ ಹೆಂಗಸು, ಎಲ್ಲರಿಗೂ ಅಪಾ, ಅಂದರೆ ಅಮ್ಮ; ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತ, ತಲೆ ಎತ್ತದೆಯೇ "ಗಾಜಿಗೆ ಒರಗಬೇಡ" ಎನ್ನುವವರು. ಈ ಕೆಲಸಕ್ಕೆ ಬರುವ ಮುಂಚೆ ಮೂವತ್ತು ಬೇಸಿಗೆಗಳನ್ನು ಗಂಡನ ಜೊತೆ ಕೋಷ್-ಕುಲಾಕ್ ಕಣಿವೆಯ ಹುಲ್ಲುಗಾವಲಿನಲ್ಲಿ ಕಳೆದಿದ್ದರು. ಗಂಡ ಸರ್ಕಾರಿ ಫಾರಮ್ಮಿನ ಕುದುರೆಗಳನ್ನು ಕಾಯುತ್ತಿದ್ದವನು. ತೀರಿಕೊಂಡು ಹನ್ನೊಂದು ವರ್ಷ.

"ಬೆಟ್ಟ ಬೇಕಂತಲ್ಲ ನಿಂಗೆ?" ಎಂದು ಅಪಾ ಕೈಚೀಲದಿಂದ ಒಂದು ಫೋಟೋ ತೆಗೆದರು. "ಇದಕ್ಕಿಂತ ಒಳ್ಳೆ ಬೆಟ್ಟ ನಿಂಗೆ ಸಿಗಲ್ಲ, ಮಗಾ."

ಯಾವುದೋ ಪತ್ರಿಕೆಯವನು ಬಂದಾಗ ತೆಗೆದದ್ದಂತೆ. ಕಣಿವೆಯ ತುದಿಗೆ ಎರಡು ಕಿವಿಯಂಥ ಬಂಡೆ. ಬಲಕ್ಕೆ ನೆರಳುಮೈಯ ಸ್ಪ್ರೂಸ್ ಮರಗಳು, ಎಡಕ್ಕೆ ಬಿಸಿಲುಮೈಯ ಬೋಳು ಇಳಿಜಾರು. ನಡುವೆ, ಒಂದು ಕಾಲು ಕುದುರೆಯ ರಿಕಾಪಿನಲ್ಲಿಟ್ಟು ಇನ್ನೇನು ಮೇಲೇಳಬೇಕು ಅನ್ನುವ ಹೊತ್ತಿಗೆ ಯಾರೋ ಕರೆದರೆಂದು ತಿರುಗಿ ನೋಡುತ್ತಿರುವ ಒಬ್ಬ ಗಂಡಸು.

"ನಮ್ಮನೆಯವ್ರು," ಎಂದರು ಅಪಾ. ಹೆಸರು ಹೇಳಲಿಲ್ಲ. ಮದುವೆಯಾಗಿ ಬಂದ ದಿನದಿಂದ ಗಂಡನ ಹೆಸರು ಬಾಯಲ್ಲಿ ಆಡಿದವರಲ್ಲ, ಸತ್ತ ಮೇಲೂ ಆ ಪದ್ಧತಿ ಬಿಟ್ಟಿರಲಿಲ್ಲ. ಫೋಟೋದ ಬೆನ್ನಿಗೆ ಬೇರೆ ಯಾರೋ 'ಎಸೆನ್‌ಕುಲ್' ಎಂದು ಬರೆದಿದ್ದರು. "ಇವ್ರದ್ದು ಅಂತ ನನ್ನ ಹತ್ರ ಇರೋದು ಇದೊಂದೇ. ಬೆಟ್ಟ ಬರೀವಾಗ ಇವ್ರನ್ನೂ ಬಿಟ್ಟುಬಿಡಬೇಡ. ಹೆಬ್ಬೆಟ್ಟಿನಷ್ಟಿದ್ರೆ ಸಾಕು."

"ಹೆಬ್ಬೆಟ್ಟೇನು ಅಪಾ, ಅಂಗೈಯಷ್ಟು ಮಾಡ್ತೀನಿ."

"ಬೇಡ. ಜನ ಹೋತ ನೋಡೋಕೆ ಬರ್ತಾರೆ. ಇವ್ರು ಒಂದು ಕಡೆ ಇರಲಿ, ಸಾಕು."

ತೊಂದರೆ ಶುರುವಾದದ್ದು ಹೋತದಿಂದ. ಅದರ ಬಲ ಮಗ್ಗುಲು ಚೆನ್ನಾಗಿತ್ತು. ಎಡ ಮಗ್ಗುಲನ್ನು ಮೂವತ್ತು ವರ್ಷ ಓಣಿಯಲ್ಲಿ ಹೋಗಿಬರುವವರೆಲ್ಲ ಸವರಿ, ಉಳಿದದ್ದನ್ನು ನುಸಿ ತಿಂದು, ಚರ್ಮ ಬೋಳಾಗಿತ್ತು. ಹೊಟ್ಟೆ ಬಿರಿದ ಕಡೆ ಚಪ್ಪಲಿ ಹೊಲಿಯುವ ದಾರದಲ್ಲಿ ಹಾಕಿದ ಹೊಲಿಗೆ ಕಾಣುತ್ತಿತ್ತು. ಅಂದಮೇಲೆ ಬಲ ಮಗ್ಗುಲನ್ನೇ ಜನರಿಗೆ ತೋರಿಸಬೇಕು, ಹೋತ ಬಲಕ್ಕೆ ಮುಖ ಮಾಡಿ ನಿಲ್ಲಬೇಕು. ಆದರೆ ಫೋಟೋದಲ್ಲಿ ಬಲಕ್ಕಿರುವುದು ಸ್ಪ್ರೂಸ್ ಕಾಡು. ಬಂಡೆ ಹುಡುಕುವ ಪ್ರಾಣಿ ಮರದೊಳಗೆ ಮೂತಿ ತೂರಿಸಿ ನಿಂತರೆ ಏನು ಚೆಂದ?

ಜೋಮಾರ್ತ್ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ. ಮರಗಳು ಎಡಕ್ಕೆ ಹೋದವು, ಬೋಳು ಬೆಟ್ಟ ಬಲಕ್ಕೆ ಬಂತು. ಕಣಿವೆ ಅದೇ, ಬಂಡೆ ಅದೇ, ಮನುಷ್ಯ ಅವನೇ. ಒಂದು ಹೋತಕ್ಕಾಗಿ ಇಡೀ ಬೆಟ್ಟಸಾಲನ್ನೇ ಮಗುಚಿ ಹಾಕಿದ ಬುದ್ಧಿವಂತ ತಾನೊಬ್ಬನೇ ಇರಬೇಕು ಎಂದು ಅವನಿಗೆ ಹೆಮ್ಮೆಯೂ ಆಯಿತು.

ಗೂಡಿಗೆ ಬಟ್ಟೆ ಇಳಿಬಿಟ್ಟು, "ಕಲಾವಿದರು ಕೆಲಸ ಮುಗಿಯೋ ತನಕ ತೋರಿಸಲ್ಲ" ಎಂದು ಅಪಾಗೂ ಅಡ್ಡ ನಿಂತು, ಬೇಸಿಗೆಯೆಲ್ಲ ಕೆಲಸ ಮಾಡಿದ. ದೂರದ ಬೆಟ್ಟ ಕೈಕೊಟ್ಟ ಕಡೆ ಮಂಜು ಇಳಿಸಿದ. ಕೆಳಗಿನ ನೆಲಕ್ಕೆ ಕಾಗದದ ಕಲ್ಲು ಮಾಡಿಟ್ಟು, ಊರ ಕಾಲುವೆಯ ಪಕ್ಕದಿಂದ ಕೊಯ್ದು ಒಣಗಿಸಿದ ಹುಲ್ಲನ್ನು ಬಡಗಿಯ ಅಂಟಿನಲ್ಲಿ ನಿಲ್ಲಿಸಿದ. ನಿಜವಾದ ನೆಲ ಮುಗಿದು ಬಣ್ಣದ ನೆಲ ಶುರುವಾಗುವ ಗೆರೆ ಕಾಣದಂತೆ ಮಾಡುವುದೇ ಈ ಕೆಲಸದ ಪರೀಕ್ಷೆ. ಅವನು ಆ ಗೆರೆಯ ಮೇಲೇ ಹುಲ್ಲು ನೆಟ್ಟ, ಪರೀಕ್ಷೆ ಮುಗಿಯಿತು. ಎಸೆನ್‌ಕುಲ್‌ನನ್ನು ಮಾತ್ರ ಎಲ್ಲಕ್ಕಿಂತ ಮುತುವರ್ಜಿಯಿಂದ ಬರೆದ. ಮೀಸೆ, ಟೋಪಿಯ ಅಂಚು, ರಿಕಾಪಿನಲ್ಲಿಟ್ಟ ಬೂಟಿನ ತುದಿ, ಎಲ್ಲ ಬಂದಿತ್ತು.

ಸೆಪ್ಟೆಂಬರ್ ಕೊನೆಗೆ, ದನಕುರಿಗಳು ಬೆಟ್ಟ ಇಳಿದ ಮೇಲೆ, ಬಟ್ಟೆ ಸರಿಸಿದರು. ಮೇಜಿನ ಮೇಲೆ ಚಹಾ, ಎಣ್ಣೆಯಲ್ಲಿ ಕರಿದ ಬೋರ್ಸೋಕ್‌ನ ರಾಶಿ. ಕೋಷ್-ಕುಲಾಕ್‌ನ ಕುರಿಗಾಹಿಗಳೂ ಬಂದಿದ್ದರು. ಅವರಲ್ಲಿ ಹಿರಿಯ, ಎತ್ತರದ ಬಿಳಿ ಟೋಪಿಯ ಅಸಂಗುಲ್ ಬಾಯ್ಕೆ, ಅಂದರೆ ಅಸಂಗುಲಣ್ಣ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಜೋಮಾರ್ತ್ ಒಂದು ಬೋರ್ಸೋಕ್ ಬಾಯಿಗಿಟ್ಟುಕೊಂಡು, ಹೊಗಳಿಕೆಗೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ.

"ಈ ಹುಲ್ಲು ಕಾಲುವೆ ಪಕ್ಕದ್ದಲ್ವೇನೋ?" ಎಂದ ಬಾಯ್ಕೆ. "ನಮ್ಮ ಹೋತಗಳು ನೀರಿಗೆ ಅಂತ ಊರ ಕಾಲುವೆಗೇ ಬರ್ತಾವೆ ಅನ್ನು."

"ಇಷ್ಟೆತ್ತರ ಹುಲ್ಲಿರೋ ಜಾಗ ಎಲ್ಲಿ ಅಂತ ಕೇಳು ಮಾರಾಯ," ಎಂದ ಇನ್ನೊಬ್ಬ. "ನಾಳೇನೇ ಕುರಿ ಹೊಡ್ಕೊಂಡು ಹೋಗ್ತೀನಿ."

"ತಡಿ, ಇದು ಕೋಷ್-ಕುಲಾಕ್ ಕಣೋ, ಕಿವಿ ಬಂಡೆ ನೋಡು! ಆದ್ರೆ ಮರ ಯಾಕೆ ಬಿಸಿಲುಮೈಗೆ ಬಂದವು?"

"ನೆರಳಲ್ಲಿ ಚಳಿ ಆಗಿರ್ಬೇಕು, ಹೊಳೆ ದಾಟ್ಕೊಂಡು ಬಂದಿದಾವೆ."

ನಗು ಹಜಾರ ತುಂಬಿತು. ಜೋಮಾರ್ತ್ ಕೂಡ ನಕ್ಕ. ಯಾಕೆ ನಗುತ್ತಿದ್ದಾರೆಂದು ಅವನಿಗೆ ಇನ್ನೂ ಪೂರ್ತಿ ಹೊಳೆದಿರಲಿಲ್ಲ. ಅಷ್ಟರಲ್ಲಿ ಬಾಯ್ಕೆಯ ಬೆರಳು ಗಾಜಿನ ಮೇಲೆ ಒಂದು ಕಡೆ ನಿಂತಿತು.

"ಅಯ್ಯಯ್ಯೋ, ಇಲ್ನೋಡ್ರಪ್ಪಾ! ಈ ಮಹಾಶಯ ಯಾವ ಕಡೆಯಿಂದ ಕುದುರೆ ಹತ್ತುತಾ ಇದಾನೆ!"

"ಬಲಗಡೆಯಿಂದ! ಚೆನ್ನಾಗಿ ಕುಡಿದಿದಾನೆ."

"ಹತ್ತಿದ ಮೇಲೆ ಬಾಲ ಹಿಡ್ಕೊಂಡು ಕೂರ್ತಾನೆ ನೋಡ್ತಿರು."

ಆಗ ಹೊಳೆಯಿತು. ಕನ್ನಡಿ ಮರಗಳನ್ನಷ್ಟೇ ಅಲ್ಲ, ಮನುಷ್ಯನನ್ನೂ ತಿರುಗಿಸಿತ್ತು. ಹುಟ್ಟಿದಾಗಿನಿಂದ ಎಡಗಡೆಯಿಂದ ಕುದುರೆ ಹತ್ತಿದ ಯಾರೂ ಮಾಡಲಾರದ ತಪ್ಪು. ಕುದುರೆಯನ್ನೇ ಹತ್ತದವನು ಮಾತ್ರ ಮಾಡಬಹುದಾದದ್ದು. ಆ ಕಣಿವೆಯಲ್ಲೇ ಹೆಸರುವಾಸಿಯಾಗಿದ್ದ ಕುದುರೆಗಾರನನ್ನು, ಆ ಕಣಿವೆಯವರ ಎದುರೇ, ಅವನು ನಗೆಪಾಟಲು ಮಾಡಿ ಗಾಜಿನೊಳಗೆ ನಿಲ್ಲಿಸಿದ್ದ.

"ಬುರುಲ್," ಎಂದು ಬಾಯ್ಕೆ ಕಣ್ಣೊರೆಸಿಕೊಳ್ಳುತ್ತ ಕರೆದ, "ನಿಮ್ಮ ಜಾಗ ಅಲ್ವಾ ಇದು, ಯಾರಮ್ಮ ಈ ಪುಣ್ಯಾತ್ಮ?"

ಬುರುಲ್ ಅಪಾ ಎದ್ದು ಬಂದರು. ಕನ್ನಡಕ ಹಾಕಿಕೊಂಡರು. ಚಿತ್ರವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಜೋಮಾರ್ತ್‌ನ ಬಾಯಿಯಲ್ಲಿದ್ದ ಬೋರ್ಸೋಕ್ ಒಳಗೂ ಹೋಗದೆ ಹೊರಗೂ ಬಾರದೆ ಅಲ್ಲೇ ನಿಂತಿತ್ತು.

"ಯಾರೋ ಪಟ್ಟಣದ ಪಶುವೈದ್ಯ ಇರ್ಬೇಕು," ಎಂದರು ಅಪಾ. "ಒಂದು ವರ್ಷ ಒಬ್ಬ ಬಂದಿದ್ದ."

"ಹಾಗನ್ನು ಮತ್ತೆ!" ಎಂದ ಬಾಯ್ಕೆ. ಎಲ್ಲರಿಗೂ ಸಮಾಧಾನವಾಯಿತು. ಪಟ್ಟಣದವನೆಂದ ಮೇಲೆ ಕುದುರೆಯನ್ನು ಕೆಳಗಡೆಯಿಂದ ಹತ್ತಿದರೂ ಆಶ್ಚರ್ಯವಿಲ್ಲ.

ಜನ ಹೋದ ಮೇಲೆ ಅಪಾ ಮೇಜು ಒರೆಸಿದರು. "ಚಹಾ ಕುಡಿದ್ಯಾ?" ಎಂದು ಕೇಳಿದರು. ಅಷ್ಟೇ. ಅವನು ಕುಡಿದೆ ಎಂದ. ಕುಡಿದಿರಲಿಲ್ಲ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪಾ ಬೈಯಲಿಲ್ಲ, ಮುಖ ಊದಿಸಲಿಲ್ಲ. ಬಂದವರು ಆ ಪುಟ್ಟ ಸವಾರನನ್ನು ತೋರಿಸಿ ನಕ್ಕಾಗಲೆಲ್ಲ ಸೂಜಿ ನಿಲ್ಲಿಸದೆ "ಅದು ಪಶುವೈದ್ಯ" ಎನ್ನುತ್ತಿದ್ದರು. ಎಷ್ಟು ಜನ ಕೇಳಿದರೆಂದರೆ, ಒಂದು ದಿನ ಅನಾರ್ಕಾನ್ ಎಜೆಯೇ "ಒಂದು ಬೋರ್ಡು ಹಾಕಿಬಿಡು, ಅವರಿಗೂ ಹೇಳಿ ಹೇಳಿ ಸಾಕಾಗಿದೆ" ಎಂದರು. ಜೋಮಾರ್ತ್ ತನ್ನ ಕೈಯಾರೆ, ತನ್ನ ಅತಿ ಚೆಂದದ ಅಕ್ಷರದಲ್ಲಿ, 'ದೂರದಲ್ಲಿ: ಪಶುವೈದ್ಯ' ಎಂದು ಬರೆದು ಗೂಡಿನ ಕೆಳಗೆ ತಿರುಪು ಹಾಕಿ ಕೂರಿಸಿದ. ಆಮೇಲೆ ಆ ಹಜಾರ ದಾಟಬೇಕಾದಾಗಲೆಲ್ಲ ಹಿಂಬಾಗಿಲಿನಿಂದ, ಹಿಮದಲ್ಲಿ, ಕಟ್ಟಡಕ್ಕೆ ಸುತ್ತು ಹಾಕಿ ಹೋಗತೊಡಗಿದ.

ಫೆಬ್ರವರಿಯ ಒಂದು ಸೋಮವಾರ, ಮ್ಯೂಸಿಯಮ್ಮಿಗೆ ರಜೆ ಇದ್ದಾಗ, ಅವನು ಬಿಳಿ ಬಣ್ಣಕ್ಕೆ ಚೂರು ನೀಲಿ ಕಲಸಿಕೊಂಡು ಗೂಡಿನೊಳಗೆ ಹತ್ತಿದ. ಬೆಟ್ಟ ಬಾರದಿದ್ದಾಗ ಇಳಿಸುವ ಮಂಜನ್ನೇ ಇನ್ನೊಂದು ಗೇಣು ಕೆಳಗಿಳಿಸಿದರೆ ಸಾಕು, ಕುದುರೆಯೂ ಇಲ್ಲ, ಸವಾರನೂ ಇಲ್ಲ, ನಗುವೂ ಇಲ್ಲ. ಕುಂಚ ಎತ್ತಿದಾಗ ಹಿಂದೆ ನೀರಿನ ಚೊಂಬಿನ ಸದ್ದಾಯಿತು. ಕಿಟಕಿಯ ಹೂಕುಂಡಗಳಿಗೆ ನೀರು ಹಾಕಲು ಬುರುಲ್ ಅಪಾ ರಜೆಯಲ್ಲೂ ಬಂದಿದ್ದರು.

"ಮಂಜಾ?" ಎಂದರು ಅಪಾ.

"ಅಲ್ಲ ಅಪಾ... ಹೇಗೂ ಬೋರ್ಡಲ್ಲಿ ಪಶುವೈದ್ಯ ಅಂತಾನೇ ಇದೆಯಲ್ಲ. ಇಲ್ದಿದ್ರೆ ಯಾರಿಗೇನು..."

"ಸುಳ್ಳು ಹೇಳಿದ್ದು ನಾನು. ಬೋರ್ಡು ಬರೆದದ್ದು ನೀನು. ಅವ್ರೇನು ಮಾಡಿದ್ರು?"

ಅವನ ಕೈ ಅಲ್ಲೇ ನಿಂತಿತು. ಬಣ್ಣ ಕುಂಚದಿಂದ ಹೋತದ ಬೆನ್ನ ಮೇಲೆ ತೊಟ್ಟಿಕ್ಕಿತು.

"ಅವತ್ತೇ ನನಗೆ ಬೈಬಹುದಿತ್ತು ಅಪಾ. ಎಲ್ರೆದುರಿಗೇ ಬೈಬಹುದಿತ್ತು."

"ಬೈದಿದ್ರೆ ಅದು ಅವ್ರೇ ಅಂತ ಒಪ್ಕೊಂಡ ಹಾಗಾಗ್ತಿತ್ತಲ್ಲೋ," ಎಂದರು ಅಪಾ. ಕುಂಡಕ್ಕೆ ನೀರು ಹೊಯ್ದು ಮುಗಿಸಿ, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ಕೈ ಒರೆಸಿಕೊಂಡರು. "ಅಳಿಸ್ಬೇಡ. ದಿನಕ್ಕೆ ಎಂಟು ಗಂಟೆ ಎದುರಿಗೇ ಇರ್ತಾರೆ. ಬದುಕಿದ್ದಾಗ ಅಷ್ಟು ಹೊತ್ತು ಕೈಗೆ ಸಿಕ್ಕವರಲ್ಲ. ಬಲಗಡೆಯಿಂದಾನೇ ಹತ್ತಲಿ, ಇರಲಿ ಬಿಡು."

ಅವನು ಗೂಡಿನಿಂದ ಇಳಿದ. ಇಳಿಯುವಾಗ ಕಾಲುವೆಯ ಹುಲ್ಲು ಪ್ಯಾಂಟಿಗೆ ಅಂಟಿಕೊಂಡು ಬಂತು.

ಜುಲೈನಲ್ಲಿ ರಜೆ ಹಾಕಿ, ಹಿಟ್ಟಿನ ಮೂಟೆ ಹೊತ್ತ ವ್ಯಾನಿನಲ್ಲಿ ಕೋಷ್-ಕುಲಾಕ್‌ಗೆ ಹೋದ. ಅಸಂಗುಲ್ ಬಾಯ್ಕೆಯ ಉಣ್ಣೆಯ ಗುಡಾರದಲ್ಲಿ ಹುಳಿ ಬಂದ ಕುದುರೆಹಾಲು, ಕುಮಿಸ್, ಕುಡಿಸಿದರು, ಎರಡನೆಯ ಬಟ್ಟಲನ್ನೂ ಕುಡಿಸಿದರು. ಹೋತಗಳು ಇಳಿಯುವ ಜಾಗ ನೋಡಬೇಕು ಎಂದ. "ಕುದುರೆ ಮೇಲೆ ಒಂದು ಗಂಟೆ" ಎಂದು ಬಾಯ್ಕೆ ಒಂದು ಕಂದು ಕುದುರೆ ತಂದು ನಿಲ್ಲಿಸಿದ. ಸೊಂಟನೋವಿನ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ. ಚಿತ್ರವನ್ನು ಹತ್ತು ತಿಂಗಳು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ಅವನ ತಲೆಯೊಳಗೆ ಯಾವುದು ಸರಿ ಯಾವುದು ತಪ್ಪು ಎಂಬುದೇ ಕಲಸಿಹೋಗಿತ್ತು. ಧೈರ್ಯ ಮಾಡಿ ರಿಕಾಪಿಗೆ ಕಾಲಿಟ್ಟ. ಕುದುರೆ ಕಿವಿ ಹಿಂದಕ್ಕೆ ಮಡಚಿ, ಪಕ್ಕಕ್ಕೆ ಎರಡು ಹೆಜ್ಜೆ ಸರಿದು, ಅವನನ್ನು ಸಗಣಿಯ ಮೇಲೆ ಕೂರಿಸಿತು.

ಅವನು ಬಲಗಡೆಯಿಂದ ಹತ್ತಲು ಹೋಗಿದ್ದ.

ಗುಡಾರದ ಬಾಗಿಲಲ್ಲಿ ನಿಂತ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಬಾಯ್ಕೆ ಹಿಡಿಯಲಿಲ್ಲ. "ಓಹೋಹೋ! ಆ ಚಿತ್ರದಲ್ಲಿರೋ ಪಶುವೈದ್ಯ ನೀನೇನೋ ಹಾಗಾದ್ರೆ!"

ಜೋಮಾರ್ತ್ ಸಗಣಿಯ ಮೇಲೆ ಕೂತೇ ಯೋಚಿಸಿದ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಸರಿಯಾದ ಉತ್ತರವೊಂದು ಅವನ ಕೈಗೇ ಸಿಕ್ಕಿತ್ತು.

"ಹೌದು ಬಾಯ್ಕೆ," ಎಂದ. "ಅದು ನಾನೇ."

ಬಾಯ್ಕೆಯ ನಗು ನಿಧಾನವಾಗಿ ಇಳಿಯಿತು. ಅವನು ಜೋಮಾರ್ತ್‌ನನ್ನು ನೋಡಿದ, ಕಣಿವೆಯ ತುದಿಯ ಕಿವಿ ಬಂಡೆಯನ್ನು ನೋಡಿದ, ಹಾಗಾದರೆ ಆ ಜಾಗದಲ್ಲಿ ನಿಜಕ್ಕೂ ನಿಂತಿದ್ದವನು ಯಾರೆಂದು ಲೆಕ್ಕ ಹಾಕಿದಂತೆ ತಲೆಯಾಡಿಸಿದ. ತೋಳು ಹಿಡಿದು ಎಬ್ಬಿಸಿ, ಕುದುರೆಯ ಎಡಗಡೆಗೆ ಕರೆದೊಯ್ದು, ಮೂಟೆ ಎತ್ತಿಡುವ ಹಾಗೆ ಜೀನಿನ ಮೇಲೆ ಎತ್ತಿಟ್ಟ.

ಮೇಲೆ ಹುಲ್ಲು ಬೆರಳಿನ ಗಿಣ್ಣಿನಷ್ಟಿತ್ತು. ಕುರಿಗಳು ಬಾಯಿಯಲ್ಲೇ ಬಾಚಿದ ಹಾಗೆ ಒಂದೇ ಕಡೆಗೆ ಮಲಗಿತ್ತು. ಮುಚ್ಚಿಡಲು ಅಲ್ಲಿ ಏನೂ ಇರಲಿಲ್ಲ. ಪ್ರತಿ ಗೊರಸೂ ಬಟಾಬಯಲಾಗಿ ನೆಲದ ಮೇಲೆ ನಿಂತಿತ್ತು. ಎರಡು ದಿನ ಅವನು ಬೋರಲು ಮಲಗಿ ಬಾಯ್ಕೆಯ ಆಡುಗಳ ಕಾಲು ಬರೆದ. ಗೊರಸು ನೆಲ ಮುಟ್ಟುವಲ್ಲಿ ಒಂದು ಕೂದಲೆಳೆಯಷ್ಟು ಕಪ್ಪು ಇರುತ್ತದೆ, ಅದೇ ಪ್ರಾಣಿಯ ಭಾರ ಎಂದು ತಿಳಿಯಿತು. ದೂರದ ಸ್ಪ್ರೂಸ್ ಹಸಿರಲ್ಲ, ನೀಲಿಗಪ್ಪು ಎಂದೂ, ಬೆಳಗಿನ ಬಿಸಿಲು ಕಿವಿ ಬಂಡೆಯ ಹಿಂದಿನಿಂದ ಬಂದು ಮೊದಲು ಎಡದ ಬೋಳು ಇಳಿಜಾರನ್ನು ಮುಟ್ಟುತ್ತದೆ ಎಂದೂ ತಿಳಿಯಿತು. ಎರಡೂ ದಿನ ಒಂದು ಚೂರೂ ಮಂಜು ಇಳಿಯಲಿಲ್ಲ.

ಊರಿಗೆ ಬಂದು ಅನಾರ್ಕಾನ್ ಎಜೆಯ ಮುಂದೆ ನಿಂತ. ಬೆಟ್ಟವನ್ನು ಮೊದಲಿನಿಂದ ಬರೆಯಬೇಕು, ಹೋತವನ್ನು ತಿರುಗಿಸಿ ನಿಲ್ಲಿಸಬೇಕು ಎಂದ.

"ತಲೆ ಕೆಟ್ಟಿದ್ಯಾ? ಆ ಮಗ್ಗುಲು ನೋಡಿದೀಯಾ? ಹೊಲಿಗೆ ಕಾಣುತ್ತೆ! ಬೇಕಾದ್ರೆ ಆ ಪಶುವೈದ್ಯನ್ನ ಒಬ್ಬನ್ನೇ ತಿರುಗಿಸು."

"ಅವನೊಬ್ಬ ತಿರುಗಿದ್ರೆ ಆಗಲ್ಲ ಎಜೆ, ಅವನು ನಿಂತ ಜಾಗಾನೇ ಉಲ್ಟಾ ಇದೆ." ಬಾಗಿಲ ಕಡೆ ನೋಡಿದ. "ಅವನು ಪಶುವೈದ್ಯ ಅಲ್ಲ. ಹೋತದ ಮಾನ ಮುಚ್ಚೋಕೆ ಹೋಗಿ ನಾನು ಒಬ್ಬ ಮನುಷ್ಯನ ಮಾನ ತೆಗೆದಿದೀನಿ."

ಎಜೆ ತೆರೆದ ಬಾಗಿಲಿನಾಚೆ ನೋಡಿದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೂಜಿಗಳು ಆಡುತ್ತಿದ್ದವು. ಅವರ ಮುಖದಲ್ಲಿ ಒಂದೊಂದೇ ಗಂಟು ಬಿಚ್ಚಿಕೊಂಡಿತು. ಬೋರ್ಡು ಬರೆಸಿದ್ದು ತಾನೇ ಎಂಬುದೂ ನೆನಪಾಗಿರಬೇಕು.

"ಸೋಮವಾರ ಮಾತ್ರ," ಎಂದರು ತಗ್ಗಿದ ದನಿಯಲ್ಲಿ. "ಹೊಲಿಗೆ ಕಾಣಲಿ ಬಿಡು."

ಒಂಬತ್ತು ಸೋಮವಾರ ಹಿಡಿಯಿತು. ಈ ಸಲ ಬಟ್ಟೆ ಇಳಿಬಿಡಲಿಲ್ಲ. ಅಪಾ ಕುಂಡಕ್ಕೆ ನೀರು ಹಾಕುವ ನೆಪದಲ್ಲಿ ಬಂದು, "ಹೊಳೆ ಅಷ್ಟು ಅಗಲ ಇಲ್ಲ", "ಆ ಮರ ಸಿಡಿಲಿಗೆ ಬಿತ್ತು, ಆದ್ರೂ ಇರಲಿ, ಆಗ ಇತ್ತು" ಎಂದು ಹೇಳಿ ಹೋಗುತ್ತಿದ್ದರು. ಗಂಡನನ್ನು ಬರೆಯುವ ದಿನ ಮಾತ್ರ ಬರಲಿಲ್ಲ.

ಆ ಶರತ್ಕಾಲಕ್ಕೂ ಕುರಿಗಾಹಿಗಳು ಇಳಿದು ಬಂದರು. ಅಸಂಗುಲ್ ಬಾಯ್ಕೆ ಗಾಜಿನ ಮುಂದೆ ನಿಂತ. ಮರಗಳು ನೆರಳುಮೈಗೆ ಮರಳಿದ್ದವು. ಬೆರಳಿನ ಗಿಣ್ಣಿನಷ್ಟೇ ಎತ್ತರದ ಹುಲ್ಲಿನಲ್ಲಿ ಹೋತದ ನಾಲ್ಕೂ ಗೊರಸು ಕಾಣುತ್ತಿದ್ದವು, ಅದರ ಬೋಳು ಮಗ್ಗುಲೂ ಹೊಲಿಗೆಯೂ ಊರಿಗೆಲ್ಲ ಕಾಣುತ್ತಿದ್ದವು. ದೂರದಲ್ಲಿ ಒಬ್ಬ ಎಡಗಾಲನ್ನು ರಿಕಾಪಿನಲ್ಲಿಟ್ಟು ತಿರುಗಿ ನೋಡುತ್ತಿದ್ದ.

"ಎಸೆನ್‌ಕುಲ್," ಎಂದ ಬಾಯ್ಕೆ, ಎದುರಿಗೆ ಸಿಕ್ಕವನನ್ನು ಕರೆದ ಹಾಗೆ. ಆಮೇಲೆ ಅವನೇ ಕೇಳಿದ, "ಮತ್ತೆ ಆ ಪಶುವೈದ್ಯ ಎಲ್ಲಿ ಹೋದ, ಬುರುಲ್?"

ಅಪಾ ಹೆಣಿಗೆಯ ಸೂಜಿಯನ್ನು ಬಾಗಿಲ ಕಡೆ ಚಾಚಿದರು. "ಅಲ್ಲಿ ನಿಂತಿದಾನಲ್ಲ."

ಬಿದ್ದು ಬಿದ್ದು ನಕ್ಕರು. "ವೈದ್ಯರೇ, ಬನ್ನಿ ಬನ್ನಿ, ಈ ಹೋತಕ್ಕೆ ಏನು ಕಾಯಿಲೆ ನೋಡಿ! ಕೂದಲೆಲ್ಲ ಉದುರಿದೆ!" ಎಂದು ಒಬ್ಬ ಕೂಗಿದ. ಜೋಮಾರ್ತ್ ಬಂದು ಗಂಭೀರವಾಗಿ ಗಾಜಿನೊಳಗೆ ಇಣುಕಿ, "ವಾಸಿಯಾಗಲ್ಲ" ಎಂದ. ಆ ಹೆಸರು ಅವನಿಗೆ ಅಂಟಿತು. ಈಗಲೂ ಸಂತೆಯಲ್ಲಿ ಕಂಡರೆ ವೈದ್ಯರೇ ಎಂದೇ ಕರೆಯುತ್ತಾರೆ.

ಮರುದಿನ ಬೆಳಿಗ್ಗೆ ಹಳೆಯ ಬೋರ್ಡಿನ ತಿರುಪು ಬಿಚ್ಚುತ್ತ, "ಹೊಸದರಲ್ಲಿ ಏನು ಬರೀಲಿ ಅಪಾ?" ಎಂದು ಕೇಳಿದ. ಹೆಸರು ಬರೆಯಬೇಕೆಂದು ಅವನ ಆಸೆ. ಅಕ್ಷರವನ್ನು ಮನಸ್ಸಿನಲ್ಲಿ ಬರೆದೂ ಆಗಿತ್ತು.

"ಬೋರ್ಡು ಬೇಡ. ಕೇಳಿದವ್ರಿಗೆ ನಾನೇ ಹೇಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಯಾರೋ ಗಂಡಹೆಂಡತಿ ಬಂದರು. ಜೋಮಾರ್ತ್ ಓಣಿಯಲ್ಲಿ ಬೇರೊಂದು 'ಮುಟ್ಟಬೇಡಿ' ಬರೆಯುತ್ತಿದ್ದ. ಆ ಹೆಂಗಸು "ಅಲ್ಲಿ ದೂರದಲ್ಲಿ ಇರೋದು ಯಾರು?" ಎಂದು ಕೇಳಿದ್ದು ಕೇಳಿಸಿತು. ಸೂಜಿಗಳ ಟಿಕಟಿಕ ನಿಂತದ್ದೂ ಕೇಳಿಸಿತು.

"ನಮ್ಮನೆಯವ್ರು," ಎಂದರು ಅಪಾ.

ಇಷ್ಟು ಸಣ್ಣ ಮಾತು. ಒಂದು ವರ್ಷ ಪೂರ್ತಿ ಅದನ್ನು ಅವರ ಬಾಯಿಂದ ಕಿತ್ತುಕೊಂಡು ಇಟ್ಟುಕೊಂಡಿದ್ದವನು ತಾನು ಎಂದು ಜೋಮಾರ್ತ್‌ಗೆ ಕಿವಿಯ ತುದಿಯವರೆಗೆ ಬಿಸಿಯಾಯಿತು. ಕುಂಚ ಎತ್ತಿದ. ಬೋರ್ಡಿನಲ್ಲಿ 'ಮುಟ್ಟ' ಎಂಬಲ್ಲಿಗೆ ಕೈ ನಿಂತಿತ್ತು. ಉಳಿದ ಅಕ್ಷರ ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.